ಮಾವನ ಎಡಗೈ, ಕೆಂದ ಎತ್ತು

ಈ ದೀಪಾವಳಿ ರಜೆಯಲ್ಲಿ ನಾನು ನನ್ನ ಮಾವನ ತೋಳು ಕಿತ್ತೇಬಿಡುವುದರಲ್ಲಿದ್ದೆ.

ಜಗಳ ಗಿಗಳ ಏನೂ ಇಲ್ಲ. ಬರೀ ಪ್ರೀತಿ. ಎರಡೂ ಕೈಯಿಂದ ಹಿಡಿದು, ಕಾಲು ಊರಿ, ಹಲ್ಲು ಕಚ್ಚಿ ಜಗ್ಗಿದೆ. ಪಕ್ಕದಲ್ಲಿ ಅವರ ಮಗ ‘ಹೈಸಾ’ ಅಂದ. ನಾನೂ ‘ಹೈಸಾ’ ಅಂದೆ. ಮಾವ ಮಾತ್ರ ಏನೂ ಅನ್ನಲಿಲ್ಲ.

ವಾರವಾರ ಈ ಕಾಲಮ್ಮಿನಲ್ಲಿ ನಿಮಗೆಲ್ಲ ಬುದ್ಧಿ ಹೇಳುವವನು ನಾನು. ಬಾವಿಯ ನೀರು ಕಾಯಿಸಿ ಕುಡಿಯಬೇಕೋ ಬೇಡವೋ, ಹೆಣ್ಣುಮಕ್ಕಳನ್ನು ಸಾಲಿಗೆ ಕಳಿಸಬೇಕೋ ಬೇಡವೋ, ಎಲ್ಲಕ್ಕೂ ನನ್ನ ಹತ್ತಿರ ಉತ್ತರ ಇರುತ್ತದೆ. ಬೈಲಹೊಂಗಲದ ಕನ್ನಡ ಸಾಲಿಯ ಹೆಡ್ ಮಾಸ್ತರ ಬೇರೆ. ಊರಿಗೆಲ್ಲ ಮಾಸ್ತರ, ಹೆಂಡತಿಯ ತವರಿನಲ್ಲೂ ಮಾಸ್ತರ. ಈ ವಾರ ನನಗೇ ಆದ ಪಾಠ ಬರೆಯುತ್ತಿದ್ದೇನೆ. ನಗುವವರು ನಗಬಹುದು.

ನನ್ನ ಮಾವ, ಅಂದರೆ ಹೆಂಡತಿ ನೀಲವ್ವನ ತಂದೆ ಚನ್ನಬಸಪ್ಪನವರು, ಸವದತ್ತಿ ತಾಲೂಕಿನ ಹೂಲಿಯವರು. ಎತ್ತುಗಳ ಮನುಷ್ಯ. ಯಾರದೇ ಎತ್ತು ಕುಂಟಲಿ, ಮೇವು ಬಿಡಲಿ, ಸುತ್ತಲಿನ ಹಳ್ಳಿಯವರು ಮೊದಲು ಬರುವುದು ಅವರ ಮನೆಗೆ. ಆಳೂ ಹಾಗೆಯೇ ಇದ್ದರು. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು, ಅಷ್ಟು ಎತ್ತರ.

ಅಂಥವರು ದಸರೆಗೆ ಮುಂಚೆ ಒಂದು ದಿನ ಹೊಲದ ಬದುವಿನ ಮೇಲೆ ಕೂತಲ್ಲೇ ವಾಲಿಬಿಟ್ಟರು. ಲಕ್ವಾ. ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಪುಣ್ಯಕ್ಕೆ ನಾಲಿಗೆ ಉಳಿಯಿತು. ಸ್ವಲ್ಪ ತೊದಲುತ್ತದೆ, ಖಾರ ಮಾತ್ರ ಮೊದಲಿನಷ್ಟೇ. ತೊರಗಲ್ ಕಡೆಯ ವೈದ್ಯರೊಬ್ಬರು ಎಣ್ಣೆ ಕೊಟ್ಟು, ‘ತಿಕ್ಕರಿ, ಮಲಗಸರಿ’ ಅಂದರಂತೆ. ಮನೆಯವರು ತಿಕ್ಕಿದರು. ಮಲಗಿಸಿದರು. ಮಲಗಿಸಿದ್ದು ಸ್ವಲ್ಪ ಹೆಚ್ಚೇ ಆಯಿತು ಅಂತ ಈಗ ಅನಿಸುತ್ತದೆ.

ನೀಲವ್ವ ಸುದ್ದಿ ಬಂದ ದಿನವೇ ತವರಿಗೆ ಹೋಗಿದ್ದಳು. ನಾನು ಹೊರಟದ್ದು ಸಾಲಿಗೆ ಸೂಟಿ ಬಿದ್ದ ಮೇಲೆ. (ಇನ್‌ಸ್ಪೆಕ್ಟರ ಸಾಹೇಬರು ಬರುವವರಿದ್ದರು. ಬರಲಿಲ್ಲ. ಆ ಮಾತು ಇರಲಿ.) ಬೈಲಹೊಂಗಲದಲ್ಲಿ ನಸುಕಿಗೆ ಚಕ್ಕಡಿ ಹೂಡಿದರೆ ಹೂಲಿ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಮಾವ ಮಂಚದ ಮೇಲೆ ಕೆಳಕ್ಕೆ ಜಾರಿದ್ದಾರೆ. ಎರಡೂ ಪಾದ ಮಂಚದ ಆಚೆ ಇಳಿಬಿದ್ದಿವೆ.

‘ಏ ಈರಪ್ಪ, ನಿಮ್ಮಪ್ಪನ್ನ ಮ್ಯಾಲ ಜಗ್ಗೋ’ ಅಂದರು ಅತ್ತೆ.

ಈರಪ್ಪ ನೀಲವ್ವನ ತಮ್ಮ. ಗರಡಿಮನೆಗೆ ಹೋಗುವ ಹುರಿಯಾಳು. ಅಪ್ಪನ ಕಂಕುಳಲ್ಲಿ ಕೈ ಹಾಕಿದ. ಅಳಿಯನಾಗಿ ನಾನು ಸುಮ್ಮನೆ ನಿಲ್ಲಲಾದೀತೇ? ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಎಡಗೈ. ಬಲಗೈ ಗೋಡೆಯ ಕಡೆಗಿತ್ತು.

ಜಗ್ಗಿದೆವು. ಮಾವ ಮೇಲಕ್ಕೆ ಬಂದರು. ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಬೆವರು ಒರೆಸಿಕೊಂಡು, ಏನೋ ಪುಣ್ಯ ಕಟ್ಟಿಕೊಂಡವನ ಹಾಗೆ ಅವಲಕ್ಕಿ ತಿನ್ನಲು ಹೋದೆ.

ದಿನಕ್ಕೆ ಮೂರು ಸಲ ಹೀಗೆ. ನಾಲ್ಕು ದಿನ.

ಮಾವ ಯಾಕೆ ಬಾಯಿ ಬಿಡಲಿಲ್ಲ? ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳಿಯ ಬಂದರೆ ಕಾಲಿಗೆ ನೀರು, ಕೂಡಲು ಜಮಖಾನೆ, ತಾಟಿನ ತುಂಬ ತುಪ್ಪ. ಅಳಿಯನಿಗೆ ಕುಂದು ಹೇಳುವಂತಿಲ್ಲ. ತುಪ್ಪ ಬಡಿಸುವ ಮನೆಯಲ್ಲಿ ಕೂತು, ‘ನನ್ನ ತೋಳ ಕೀಳಾಕ ಹತ್ತೀರಿ’ ಅಂತ ಯಾವ ಮಾವ ಅಂದಾನು?

ಅವರ ಚಿಂತೆ ಬೇರೆಯೇ ಇತ್ತು.

ನಮ್ಮಲ್ಲಿ ಇಷ್ಟಲಿಂಗದ ಪೂಜೆ ಹೇಗೆ ಅಂತ ಗೊತ್ತಲ್ಲ. ಕೊರಳಲ್ಲಿಯ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಬಲಗೈಯಿಂದ ಪೂಜಿಸಬೇಕು. ಆಮೇಲೆಯೇ ಊಟ. ಮಾವನಿಗೆ ತಿಳಿವಳಿಕೆ ಬಂದಾಗಿನಿಂದ ಇದು ಒಂದು ದಿನ ತಪ್ಪಿಲ್ಲ. ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗಲೂ ತಪ್ಪಿರಲಿಲ್ಲ. ಈಗ ಎಡ ಅಂಗೈ ಮಾತು ಕೇಳುತ್ತಿಲ್ಲ. ಕೂತರೆ ತಾನೆ ಪೂಜೆ? ಇಬ್ಬರು ಹಿಡಿದು ಕೂಡ್ರಿಸಿದರೂ ಎಡಕ್ಕೆ ವಾಲುತ್ತಿದ್ದರು. ಹಾಗಾಗಿ ಈರಪ್ಪನೇ ದಿನಾ ಝಳಕ ಮಾಡಿ ಬಂದು, ಅಪ್ಪನ ಲಿಂಗವನ್ನು ತನ್ನ ಅಂಗೈಯಲ್ಲಿಟ್ಟು ಪೂಜೆ ಮಾಡಿ, ಅಪ್ಪನ ಕಣ್ಣಿಗೆ ಒತ್ತುತ್ತಿದ್ದ.

ಆಮೇಲೆ ಮಾವ ನಾಲ್ಕು ಗುಟುಕು ಅಂಬಲಿ ಕುಡಿದು ಸಾಕು ಅನ್ನುತ್ತಿದ್ದರು. ರೊಟ್ಟಿ ಮುಟ್ಟುತ್ತಿರಲಿಲ್ಲ.

‘ಉಣ್ರಿ ಮಾವಾರ. ಉಣಲಿಲ್ಲಂದ್ರ ಶಕ್ತಿ ಹ್ಯಾಂಗ ಬರತೈತಿ?’ ಇದು ನನ್ನ ಉಪದೇಶ.

‘ನನ್ನ ಅಂಗೈಯಾಗ ಲಿಂಗ ನೋಡದ ನಾ ತುತ್ತ ಎತ್ತಿದಂವ ಅಲ್ರಿ ಮಾಸ್ತರ್ರ. ಗಂಟಲಾಗ ಇಳಿಯೂದಿಲ್ಲ, ಏನ ಮಾಡ್ಲಿ?’

ಅವರು ಬೇಡಿದ್ದು ಇಷ್ಟೇ. ನಡೆಯಬೇಕು, ಹೊಲಕ್ಕೆ ಹೋಗಬೇಕು ಅನ್ನಲಿಲ್ಲ. ಎದ್ದು ಕೂತು ತನ್ನ ಅಂಗೈಯಲ್ಲಿ ಪೂಜೆ ಮಾಡಿಕೊಳ್ಳಬೇಕು, ಅಷ್ಟೇ. ಅದಾಗದೆ ಆ ದೊಡ್ಡ ಮೈ ಅರ್ಧಕ್ಕೆ ಇಳಿದಿತ್ತು. ಅಡಿಗೆಮನೆಯಲ್ಲಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಅಳುವುದು ನನಗೆ ಕೇಳುತ್ತಿತ್ತು. ಹೀಗೇ ಹೋದರೆ ಸಂಕ್ರಾಂತಿ ಕಾಣುವುದು ಕಷ್ಟ ಅಂತ ನನಗೂ ಅನಿಸಿತ್ತು. ಬಾಯಿಬಿಟ್ಟು ಅನ್ನಲಿಲ್ಲ.

ಐದನೆಯ ದಿನ ಸಾರಾಬಾಯಿ ಬಂದರು.

ಸಾರಾಬಾಯಿ ಮಿಷನ್ ದವಾಖಾನೆಯ ನರ್ಸ್. ಪಕ್ಕದ ಗೌಡರ ಸೊಸೆಯ ಹೆರಿಗೆಗೆ ಅಂತ ಟಾಂಗಾ ಕಳಿಸಿ ಕರೆಸಿದ್ದರು. ಹೆರಿಗೆ ಸಸೂತ್ರ ಆಗಿ, ಬಾಣಂತಿಯನ್ನು ನೋಡಿಕೊಳ್ಳಲು ಒಂದು ವಾರ ಉಳಿದಿದ್ದರು. ಅತ್ತೆ ಹಿತ್ತಲ ಗೋಡೆಯ ಮೇಲಿಂದಲೇ ಕೂಗಿದರು.

‘ಬಾಯಾರ, ಒಂದ ಗಳಿಗಿ ನಮ್ಮ ಮನೀಗೂ ಬಂದ ಹೋಗ್ರೆವ್ವಾ.’

‘ಹೆರಿಗಿ ನರ್ಸ್ ಬಂದು ಅಪ್ಪಗ ಏನ ಮಾಡತಾಳ?’ ಅಂದ ಈರಪ್ಪ.

‘ನಿನ್ನ ಹೈಸಾಕಿಂತ ಚೊಲೋ ಮಾಡತಾಳ. ನೀ ಸುಮ್ಕಿರು.’

ಇನ್ನೊಂದು ಪ್ರಶ್ನೆಯೂ ಮನೆಯ ಗಾಳಿಯಲ್ಲಿತ್ತು. ಕಿರಿಸ್ತಾನರ ಹೆಂಗಸು ಪೂಜೆಯ ಮನುಷ್ಯನನ್ನು ಮುಟ್ಟಬಹುದೇ? ಯಾರೂ ಕೇಳುವ ಮೊದಲೇ ಅತ್ತೆ ಅದಕ್ಕೂ ಉತ್ತರ ಕೊಟ್ಟರು: ‘ಮುಟ್ಟಿದ್ರ ಸವದ ಹೋಗತಾರೇನು?’

ಸಾರಾಬಾಯಿ ನನ್ನ ಭುಜಕ್ಕೂ ಬಾರದ ಹೆಂಗಸು. ಬಿಳಿ ಸೀರೆ. ಬರಿಗೈ. ಒಳಗೆ ಬಂದವರೇ ಕೈ ತೊಳೆದರು. ಮಾವನ ಅಂಗಿಯ ಗುಂಡಿ ಬಿಚ್ಚಿ ಎಡಭುಜ ನೋಡಿದರು. ಬಾತಿತ್ತು. ನೋಡಿ, ನಮ್ಮ ಕಡೆ ತಿರುಗಿದರು.

‘ಈ ರಟ್ಟಿ ಯಾರ ಜಗ್ಗ್ಯಾರ?’

ಅತ್ತೆ ಮೇಲೆ ಮಾಳಿಗೆಯ ಜಂತಿ ನೋಡಿದರು. ನೀಲವ್ವ ಸೆರಗಿನ ಅಂಚು ನೋಡಿದಳು. ಈರಪ್ಪ ತನ್ನ ಕಾಲ ಹೆಬ್ಬೆರಳು ನೋಡಿದ. ಅಳಿಯನ ಹೆಸರು ಹೇಳುವುದುಂಟೇ?

‘ನಾನು’ ಅಂದೆ.

‘ಸಾಲಿ ಮಾಸ್ತರ ಏನ್ರಿ?’

‘ಹೌದು.’

‘ಅದಕ್ಕ ಮತ್ತ! ಹುಡುಗರ ಕಿವಿ ಜಗ್ಗಿ ಜಗ್ಗಿ ಕೈ ರೂಢಿ ಆಗೇತಿ. ಕಿವಿಗೆ ಕೀಲಿಲ್ಲ, ತಡೀತೈತಿ. ಈ ರಟ್ಟೀಗೆ ಈಗ ತನ್ನ ಕೀಲ ತಾ ಹಿಡಕೊಳ್ಳೂ ಶಕ್ತಿ ಇಲ್ಲ. ಹಿಂಗ ಜಗ್ಗಿದ್ರ ಪೂರಾ ಇಳೀತೈತಿ. ಇನ್ನಮ್ಯಾಲ ಈ ಕೈ ಯಾರೂ ಜಗ್ಗಬ್ಯಾಡ್ರಿ. ಕಂಕುಳಾಗ ಕೈ ಹಾಕಿ ಎತ್ತೂದೂ ಬ್ಯಾಡ.’

ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ.

‘ನೋವಾಗತಿದ್ರ ಒಂದ ಮಾತ ಅನಬಾರದೇನ್ರಿ ಮಾವಾರ?’

ಮಾವ ಮೆಲ್ಲಗೆ ಅಂದರು: ‘ಅಷ್ಟ ದೂರದಿಂದ ಬಂದೀರಿ...’

ಅಷ್ಟು ಸಂಕಟ ನನಗೆ ಯಾರ ಬೈಗುಳದಿಂದಲೂ ಆಗಿರಲಿಲ್ಲ.

ಸಾರಾಬಾಯಿ ಆಮೇಲೆ ಮಾಡಿದ್ದನ್ನು ನೋಡಿ. ಮಂಚದ ಪಕ್ಕ ಬಗ್ಗಿ, ಮಾವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: ‘ಯಜಮಾನ್ರ, ನಿಮ್ಮ ಬೆನ್ನ ನೋಡಬೇಕು. ಬಲಮಗ್ಗಲಾಕ ಹೊಳ್ಳಸ್ತೇನಿ. ಹೊಳ್ಳೂಣೇನ್ರಿ? ನೀವು ಹೂಂ ಅಂದ ಮ್ಯಾಲನ ನಾ ಕೈ ಹಚ್ಚಾಕಿ.’

ಮಾವ ಪಿಳಿಪಿಳಿ ನೋಡಿದರು. ನಲವತ್ತು ದಿನದಿಂದ ಆ ಮೈಯನ್ನು ತಿಕ್ಕಿದವರುಂಟು, ತೊಳೆದವರುಂಟು, ಎತ್ತಿದವರುಂಟು, ಜಗ್ಗಿದವರುಂಟು. ಕೇಳಿದವರು ಯಾರೂ ಇರಲಿಲ್ಲ.

‘ಹೂಂ’ ಅಂದರು.

‘ಬಲಗೈಲೆ ಎಡಗೈ ಹಿಡಕೊಂಡು ಎದೀಮ್ಯಾಲ ಇಟ್ಕೊಳ್ರಿ. ನಿಮ್ಮ ಕೈ ನೀವ ಸಂಭಾಳಸರಿ. ಬಲಗಾಲ ಎಡಗಾಲಿನ ಬುಡಕ ಹಾಕ್ರಿ. ಹಾಂ. ಈಗ ಎತ್ತಾಗ ಹೊಳ್ಳಬೇಕೋ ಮೊದಲ ಅತ್ತಾಗ ನೋಡ್ರಿ. ತಲಿ ಹ್ವಾದ ಕಡೆ ಮೈ ಬರತೈತಿ.’

ಒಂದು ಕೈ ಮಾವನ ಟೊಂಕದ ಹಿಂದೆ, ಒಂದು ಕೈ ಬೆನ್ನ ಮೂಳೆಯ ಹಿಂದೆ. ಜಗ್ಗಲಿಲ್ಲ, ಎತ್ತಲಿಲ್ಲ. ‘ಹೈಸಾ’ ಇಲ್ಲವೇ ಇಲ್ಲ. ಮಾವ ಗೋಡೆಯ ಕಡೆಗೆ ಹೊರಳಿದರು. ನಾವಿಬ್ಬರು ಗಂಡಸರು ಏದುಸಿರು ಬಿಟ್ಟು ಮಾಡುತ್ತಿದ್ದ ಕೆಲಸ ಆ ಪುಟ್ಟ ಹೆಂಗಸಿಗೆ ಉಸಿರೂ ಬದಲಾಗದೆ ಆಗಿಹೋಯಿತು.

ಟೊಂಕದ ಎಲುಬಿನ ಮೇಲೆ ಅಂಗೈಯಷ್ಟಗಲ ಕೆಂಪಾಗಿತ್ತು. ಸಾರಾಬಾಯಿ ಬೆರಳಿಂದ ಒತ್ತಿ ನೋಡಿದರು. ಕೆಂಪು ಹೋಗಲಿಲ್ಲ.

‘ಅವ್ವಾರ, ಇನ್ನ ನಾಕ ದಿನ ಬಿಟ್ಟಿದ್ರ ಇಲ್ಲಿ ಹುಣ್ಣ ಬೀಳತಿತ್ತು. ಹಾಸಿಗಿ ಹುಣ್ಣ ಭಾಳ ಕೆಟ್ಟದ್ರಿ. ಲಕ್ವಾ ಬಿಟ್ಟ ಮನಷಾನ್ನ ಅದು ಬಿಡೂದಿಲ್ಲ. ಹೊತ್ತಹೊತ್ತಿಗೆ ಮಗ್ಗಲ ಬದಲಸಬೇಕು. ಮಲಗಿದಲ್ಲೇ ಮಲಗಸೂದು ಸೇವಾ ಅಲ್ಲ.’

ಆಗಲೇ ಮಂಚದಿಂದ ವಿಚಿತ್ರವಾದ ಸದ್ದು ಬಂತು. ಮಾವ ನಗುತ್ತಿದ್ದರು! ಅರ್ಧ ಬಾಯಿಯಲ್ಲಿ ನಗು.

‘ಏ ಈರ್ಯಾ,’ ಅಂದರು ಗೋಡೆ ನೋಡುತ್ತಲೇ. ‘ಇದು ಬಿದ್ದ ಎತ್ತ ನೋಡಕೊಳ್ಳೂ ರೀತಿನ ಐತೆಲ್ಲೋ. ಕೆಂದ ಎತ್ತ ಬಿದ್ದಾಗ ಹ್ಯಾಂಗ ಮಾಡಿದ್ವಿ?’

ಈರಪ್ಪ ಹೊರಗೆ ಎತ್ತು ಕಟ್ಟಿದ ಕಡೆ ತಿರುಗಿದ.

ಕೆಂದ ಎತ್ತಿನ ಕಥೆ ನನಗೂ ಗೊತ್ತು. ಎರಡು ವರ್ಷದ ಹಿಂದೆ ಕರಿಮಣ್ಣಿನ ಕೆಸರಿನಲ್ಲಿ ಹಿಂಗಾಲು ಜಾರಿ ಬಿದ್ದದ್ದು ಮೇಲೆ ಏಳಲಿಲ್ಲ. ಊರವರೆಲ್ಲ ‘ಆಸೆ ಬಿಡ್ರಿ’ ಅಂದರು. ಮಾವ ಬಿಡಲಿಲ್ಲ. ಅದರ ಬುಡಕ್ಕೆ ಹುಲ್ಲು ಹಾಸಿದರು. ಮುಂಜಾನೆ ಒಂದು ಮಗ್ಗಲು, ಮಧ್ಯಾಹ್ನ ಒಂದು ಮಗ್ಗಲು, ಸಂಜೆ ಮತ್ತೊಂದು. ಕಾಲು ಮಡಚಿ ಹೊಟ್ಟೆಯ ಬುಡಕ್ಕೆ ಸರಿಸಿ, ಎದೆಯ ಮೇಲೆ ಕೂಡುವ ಹಾಗೆ ಆನಿಸಿ, ಗೋಣಿತಟ್ಟು ಬುಡಕ್ಕೆ ಹಾಕಿ ಸರಿಸುತ್ತಿದ್ದರು. ಯಾರಾದರೂ ಕೋಡು ಹಿಡಿದೋ ಬಾಲ ಹಿಡಿದೋ ಜಗ್ಗಲು ಹೋದರೆ ಬಾರುಕೋಲು ಎತ್ತುತ್ತಿದ್ದರು. ಮೂರು ವಾರಕ್ಕೆ ಕೆಂದ ಎದ್ದು ನಿಂತಿತು. ಈಗಲೂ ಗ್ವಾದಲಿಯ ಮೇವಿನ ಕಟ್ಟೆಯ ಮುಂದೆ ನಿಂತು ತಿನ್ನುತ್ತಿದೆ.

ಇದೆಲ್ಲ ಮಾಡಿದ ಮನೆ ಇದೇ. ಹುಲ್ಲು ಹಾಸಿದವಳು ಇದೇ ಅತ್ತೆ. ಗೋಣಿತಟ್ಟಿನ ಇನ್ನೊಂದು ತುದಿ ಹಿಡಿದವನು ಇದೇ ಈರಪ್ಪ. ಎತ್ತಿಗೆ ಗೊತ್ತಿದ್ದದ್ದು ಅಪ್ಪನಿಗೆ ಯಾಕೆ ನೆನಪಾಗಲಿಲ್ಲ?

ನೆನಪಾಗಿದ್ದರೂ ಮಾಡುತ್ತಿರಲಿಲ್ಲ ಅಂತ ಈರಪ್ಪ ಆಮೇಲೆ ನನ್ನ ಮುಂದೆ ಹೇಳಿದ. ‘ಅಪ್ಪನ್ನ ಎತ್ತಿನಂಗ ಹೊಳ್ಳಸೂದಂದ್ರ ಮರ್ಯಾದಿ ಐತೇನ್ರಿ?’ ಅವನ ದನಿಯಲ್ಲಿ ನಾಚಿಕೆ ಇತ್ತು. ನಾನು ತಲೆ ಆಡಿಸಿದೆ. ಮರ್ಯಾದೆಯಿಂದಲೇ ನಾವಿಬ್ಬರೂ ಆ ಮನುಷ್ಯನನ್ನು ಮುಗಿಸುತ್ತಿದ್ದೆವು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಅಸಲು ಜಗಳ ಈಗ ಶುರು.

‘ಬಲಗೈ ಗಟ್ಟಿ ಐತಿ. ಆ ಕಡೆನ ಗೋಡಿ ಇಟ್ಟೀರೆಲ್ಲ?’ ಅಂದರು ಸಾರಾಬಾಯಿ. ‘ಯಜಮಾನ್ರು ಗಟ್ಟಿ ಕೈ ಊರಿ ಏಳಬೇಕಂದ್ರ ಮಂಚದ ಬಲಕ ಬಯಲಿರಬೇಕು. ಮಂಚ ತಿರುವಿ ಇಡ್ರಿ.’

ತಿರುಗಿಸಿದರೆ ತಲೆ ಉತ್ತರಕ್ಕೆ ಹೋಗುತ್ತದೆ! ಬದುಕಿದ ಮನುಷ್ಯನನ್ನು ಯಾರಾದರೂ ಉತ್ತರಕ್ಕೆ ತಲೆ ಮಾಡಿ ಮಲಗಿಸುತ್ತಾರೆಯೇ? ಪೂರ್ವಕ್ಕೆ ತಲೆ ಮಾಡಿದರೆ ಕಾಲು ದೇವರ ಕೋಣೆಗೆ. ತಲೆ ದಕ್ಷಿಣಕ್ಕೇ ಇರಲಿ, ಮಂಚವನ್ನು ಎದುರಿನ ಗೋಡೆಗೆ ಸರಿಸೋಣ ಅಂದರೆ ಅಲ್ಲಿ ಜೋಳದ ಕಣಜ. ಕಣಜ ಜಾಗ ಬಿಟ್ಟು ಹಂದುವುದಿಲ್ಲ. (ನಾನು ಕಿಸೆಯಿಂದ ಪೆನ್ಸಿಲ್ ತೆಗೆದು ಕೋಣೆಯ ನಕಾಶೆಯನ್ನೂ ಬರೆದೆ. ಏನೂ ಉಪಯೋಗವಾಗಲಿಲ್ಲ.)

ಉಳಿದದ್ದು ಹೊರಗಿನ ಪಡಸಾಲೆ. ಅಲ್ಲಿ ತಲೆ ದಕ್ಷಿಣಕ್ಕೂ ಆಗುತ್ತದೆ, ಬಲಗಡೆ ಬಯಲೂ ಸಿಗುತ್ತದೆ. ಎಡಕ್ಕೆ ಮೊಣಕಾಲೆತ್ತರದ ಗ್ವಾದಲಿಯ ಕಟ್ಟೆ. ಕಟ್ಟೆಯ ಆಚೆ ಎತ್ತುಗಳು.

‘ಸಾಧ್ಯನ ಇಲ್ಲ,’ ಅಂದ ಈರಪ್ಪ. ‘ಜಡ್ಡಾದ ಅಪ್ಪನ್ನ ಒಯ್ದು ದನದ ಮಗ್ಗಲಾಗ ಒಗದಾರ ಅಂತ ಊರ ಮಂದಿ ಅನ್ನೂದಿಲ್ಲೇನು? ನಾ ಹ್ಯಾಂಗ ಮುಖ ತೋರಸ್ಲಿ?’

ಓದಿದವನು ನಾನು. ನಾನೇನು ಮಾಡಿದೆ ಗೊತ್ತೇ? ಈರಪ್ಪನ ಪಕ್ಷ ಹಿಡಿದೆ! ‘ಮಂದಿ ಬಾಯಿಗೆ ಬೀಳಬಾರದು’ ಅಂತ ಒಂದು ಸಣ್ಣ ಭಾಷಣವನ್ನೂ ಮಾಡಿದೆ.

ಅತ್ತೆ ಭಾಷಣ ಮುಗಿಯುವ ತನಕ ಕಾಯ್ದರು. ಆಮೇಲೆ ಸೆರಗು ಟೊಂಕಕ್ಕೆ ಸಿಕ್ಕಿಸಿದರು.

‘ಮಂದಿ ಬಂದು ಮಗ್ಗಲ ಬದಲಸ್ತಾರೇನು? ಅವರನ್ನ ಕೇಳ್ರಿ. ಮಲಗಾವ್ರು ಅವರು.’

ಎಲ್ಲರೂ ಮಾವನ ಕಡೆ ತಿರುಗಿದೆವು.

‘ನಾ ಕೆಂದನ ಮಾರಿ ನೋಡಿ ನಲವತ್ತ ದಿನ ಆತು,’ ಅಂದರು ಮಾವ. ‘ಹೊರಗ ಹಾಕ್ರಿ.’

ಅಲ್ಲಿಗೆ ತೀರ್ಪು ಆಯಿತು. ಮಾವನನ್ನು ಜಮಖಾನೆಯ ಮೇಲೆ ಇಳಿಸಿ ಮಂಚವನ್ನು ಪಡಸಾಲೆಗೆ ಒಯ್ದೆವು. ಸಾರಾಬಾಯಿ ಒಂದು ಕೌದಿ ಕೇಳಿದರು. ಹಳೆಯ ಸೀರೆಗಳ ತುಂಡು ಕೂಡಿಸಿ ಅತ್ತೆಯೇ ಹೊಲಿದ ಗಟ್ಟಿ ಕೌದಿ. ಅದನ್ನು ಮಡಚಿ ಮಾವನ ಬುಡಕ್ಕೆ, ಭುಜದಿಂದ ತೊಡೆಯ ತನಕ ಹಾಸಿಸಿದರು. ಇನ್ನು ಮುಂದೆ ಮೇಲೆ ಸರಿಸಬೇಕಾದರೆ ಮನುಷ್ಯನಿಗೆ ಕೈ ಹಚ್ಚುವುದಿಲ್ಲ, ಕೌದಿ ಹಿಡಿಯುವುದು. ಈರಪ್ಪ ಒಂದು ಕಡೆ, ನಾನು ಒಂದು ಕಡೆ. ಮೊಣಕಾಲು ಬಗ್ಗಿಸಿ ನಿಲ್ಲಬೇಕು. (ನನ್ನ ಟೊಂಕ ಹಿಡಿದುಕೊಂಡದ್ದು ಯಾಕೆ ಅಂತ ಆಗ ತಿಳಿಯಿತು.) ಮಾವ ಬಲಗಾಲು ಮಡಚಿ ಊರಿ, ಗದ್ದ ಎದೆಗೆ ತಂದುಕೊಂಡು, ತಾವೂ ನೂಕಬೇಕು.

‘ಒನ್ ಟೂ ಥ್ರೀ ನಾ ಅಂತೇನಿ’ ಅಂದೆ. ಸಾಲಿಯಲ್ಲಿ ಡ್ರಿಲ್ ಮಾಡಿಸುವವನು ನಾನೇ ತಾನೆ?

‘ನೀವ್ಯಾಕ ಅಂತೀರಿ?’ ಅಂದರು ಸಾರಾಬಾಯಿ. ‘ಮೈ ಅವರದು. ಅವರ ಅನ್ಲಿ.’

ಮಾವ ಉಸಿರು ಎಳೆದುಕೊಂಡರು. ಐವತ್ತು ವರ್ಷ ಎತ್ತಿನ ಹಿಂದೆ ಗಳೆ ಹೊಡೆದ ಗಂಟಲು. ‘ಹೂಂ... ನಡೀ!’ ಅಂದರು.

ನಡೆದೆವು. ಮಾವ ದಿಂಬಿನ ತನಕ ಸರಕ್ಕನೆ ಬಂದರು. ಕಟ್ಟೆಯ ಆಚೆ ಕೆಂದ ಎತ್ತು ಕೂಡ ಒಂದು ಹೆಜ್ಜೆ ಮುಂದಿಟ್ಟಿತು. ಆ ಮನೆಯಲ್ಲಿ ನಲವತ್ತು ದಿನದಲ್ಲಿ ಎಲ್ಲರೂ ಕೂಡಿ ನಕ್ಕದ್ದು ಅದೇ ಮೊದಲು.

ಮಗ್ಗಲು ಬದಲಿಸುವ ಟೈಮ್ ನೋಡಲು ನನ್ನ ಕಿಸೆ ಗಡಿಯಾರ ಕೊಡಲು ಹೋದೆ. ಅತ್ತೆ ಬೇಡ ಅಂದರು. ಹಾಲು ಹಿಂಡಿದಾಗ ಒಂದು ಮಗ್ಗಲು, ಜೋಳಿಗೆಯ ಅಯ್ಯನವರು ಗಂಟೆ ಬಾರಿಸುತ್ತ ಬಂದಾಗ ಒಂದು, ರೊಟ್ಟಿ ಬುಟ್ಟಿ ಹೊಲಕ್ಕೆ ಹೋದಾಗ ಒಂದು, ಎತ್ತಿಗೆ ನೀರು ತೋರಿಸಿದಾಗ ಒಂದು. ಒಂದೂ ತಪ್ಪಲಿಲ್ಲ. (ನನ್ನ ಗಡಿಯಾರ ಎರಡನೆಯ ದಿನವೇ ನಿಂತಿತು. ಕೀಲಿ ಕೊಡಲು ಮರೆತಿದ್ದೆ.)

ಎಲ್ಲ ಸುರಳೀತ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮೂರನೆಯ ದಿನ ಈರಪ್ಪ ಅವಸರದಲ್ಲಿ ಮತ್ತೆ ಕಂಕುಳಿಗೆ ಕೈ ಹಾಕಿ, ಮಾವನ ಬಾಯಿಂದ ಇಲ್ಲಿ ಬರೆಯಲಾಗದ ಬೈಗುಳ ಕೇಳಿದ. ನನಗೆ ಸಂತೋಷವಾಯಿತು. ಬೈಯಲು ಶುರು ಮಾಡಿದ್ದಾರೆ ಅಂದರೆ ಬದುಕುವ ಆಸೆ ಬಂದಿದೆ ಅಂತ. ಕೂಡ್ರುವ ಅಭ್ಯಾಸವೂ ಸುಲಭವಾಗಿರಲಿಲ್ಲ. ಬಲಕ್ಕೆ ಹೊರಳಬೇಕು, ಬಲಗಾಲಿನಿಂದ ಎಡಗಾಲನ್ನು ಎತ್ತಿ ಮಂಚದ ಕೆಳಗೆ ಇಳಿಬಿಡಬೇಕು, ಬಲ ಮೊಣಕೈ ಊರಿ, ಆಮೇಲೆ ಅಂಗೈ ಊರಿ ಮೇಲೆ ಬರಬೇಕು. ಎಷ್ಟು ಸಲ ಅರ್ಧಕ್ಕೆ ಬಂದು ಮತ್ತೆ ದಿಂಬಿಗೆ ಬಿದ್ದರೋ! ಬಿದ್ದಾಗಲೆಲ್ಲ ಕಣ್ಣಲ್ಲಿ ನೀರು. ‘ಸಾಕ್ರಿ ಇವತ್ತಿಗೆ’ ಅಂದರೆ, ‘ಇನ್ನೊಮ್ಮೆ’ ಅನ್ನುವವರು.

ಸಾರಾಬಾಯಿ ಹೊರಡುವ ಹಿಂದಿನ ದಿನ ಟೊಂಕದ ಕೆಂಪು ನೋಡಿದರು. ಇಳಿದಿತ್ತು. ‘ಕೈ ಪೂರಾ ಬರತೈತೇನ್ರಿ?’ ಅಂತ ನೀಲವ್ವ ಕೇಳಿದಳು. ‘ಸುಳ್ಳ ಹೇಳೂದಿಲ್ಲವಾ. ಬಂದಷ್ಟ ಬರತೈತಿ. ಬಾರದ್ದಕ ದಿಂಬ ಕೊಡ್ರಿ’ ಅಂದರು.

ನನ್ನ ರಜೆ ಮುಗಿಯುವ ದಿನ ಬೆಳಿಗ್ಗೆ ಅತ್ತೆ ಮಾವನಿಗೆ ಬಿಸಿನೀರು ಹಾಕಿ, ವಿಭೂತಿ ಹಚ್ಚಿ, ಪೂಜೆಯ ತಟ್ಟೆಯನ್ನು ಬಲಗಡೆ ಸ್ಟೂಲಿನ ಮೇಲೆ ಇಟ್ಟರು. ಎಂದಿನಂತೆ ಈರಪ್ಪ ಮಡಿಯುಟ್ಟು ಬಂದ.

‘ನೀ ಬ್ಯಾಡ,’ ಅಂದರು ಮಾವ. ‘ಎಲ್ಲಾರೂ ಆ ಕಡೆ ಹೋಗ್ರಿ.’

ನಾವು ಗ್ವಾದಲಿಯ ಕಟ್ಟೆಯ ಆಚೆ, ಎತ್ತುಗಳ ನಡುವೆ ನಿಂತೆವು. ಮಂಚದ ಕಾಲ್ದೆಸೆಗೆ ಸರಿದು ನಿಂತದ್ದರಿಂದ ಓರೆಯಾಗಿ ಎಲ್ಲ ಕಾಣುತ್ತಿತ್ತು.

ಮಾವ ಬಲಕ್ಕೆ ಹೊರಳಿದರು. ಕಾಲು ಇಳಿಬಿಟ್ಟರು. ಮೊಣಕೈ ಊರಿದರು. ಕೊರಳಿನ ನರ ಉಬ್ಬಿತು. ತಡೆದರು. ಮತ್ತೆ ಊರಿದರು. ಕೂತರು! ನೀಲವ್ವ ನನ್ನ ಅಂಗಿಯ ತೋಳು ಹಿಡಿದುಕೊಂಡಳು. ಎಡಗಡೆ ಮಡಚಿಟ್ಟಿದ್ದ ಕೌದಿಯ ಮೇಲೆ ಎಡ ಮೊಣಕೈ ಇಟ್ಟರು. ಮುಷ್ಟಿ ಕಟ್ಟಿಕೊಂಡಿದ್ದ ಎಡ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ, ಮಗುವಿನ ಮುಷ್ಟಿ ಬಿಡಿಸುವ ಹಾಗೆ, ಬಿಡಿಸಿದರು. ಕೊರಳಿಂದ ಲಿಂಗ ತೆಗೆದು ಆ ಅಂಗೈಯಲ್ಲಿ ಇಟ್ಟರು.

ಅಂಗೈ ನಡುಗಿತು. ಒಂದು ಬದಿಗೆ ವಾಲಿತು.

ಲಿಂಗ ಕೆಳಗೆ ಬಿದ್ದರೆ ಆ ಮನುಷ್ಯ ಆಮೇಲೆ ನೀರೂ ಮುಟ್ಟುವವರಲ್ಲ. ಈರಪ್ಪ ಕಟ್ಟೆ ಹಾರಲು ಕಾಲೆತ್ತಿದ. ಅತ್ತೆ ಅವನ ಧೋತರದ ಚುಂಗು ಹಿಡಿದು ಹಿಂದಕ್ಕೆ ಎಳೆದರು.

‘ನಿಂದರ ಅಲ್ಲೇ. ಅವರು ಕರದಾರೇನು?’

ಹಾಗೆಂದ ಅತ್ತೆ ಚುಂಗು ಮಾತ್ರ ಬಿಡಲಿಲ್ಲ.

ಮಾವ ಯಾರನ್ನೂ ಕರೆಯಲಿಲ್ಲ. ಬಲಗೈಯನ್ನು ಎಡಗೈಯ ಬುಡಕ್ಕೆ ತಂದು ಆನಿಸಿ, ಅಂಗೈ ಸ್ಥಿರವಾಗುವ ತನಕ ಕಣ್ಣು ಮುಚ್ಚಿ ಕೂತರು. ಆಮೇಲೆ ಮೆಲ್ಲಗೆ ಬಲಗೈ ತೆಗೆದರು. ಎಡಗೈ ನಿಂತಿತು. ಒಂದು ಬಿಲ್ವಪತ್ರೆ ಏರಿಸಿದರು. ಬೆರಳ ತುದಿಯಿಂದ ನೀರು. ಬಾಯಿ ಏನೋ ಗುನುಗುತ್ತಿತ್ತು, ತೊದಲುತ್ತ. ನಮಗೆ ಎರಡು ನಿಮಿಷದ ಪೂಜೆ, ಅವರಿಗೆ ಅರ್ಧ ತಾಸು. ನಮ್ಮ ಪಕ್ಕದಲ್ಲಿ ಎತ್ತುಗಳು ಮೆಲುಕು ಹಾಕುತ್ತಿದ್ದವು. ನನಗೆ ಅಳು ಬಂತು. ಮಾಸ್ತರ ಅಂತ ನೋಡಲಿಲ್ಲ, ಅತ್ತುಬಿಟ್ಟೆ.

ಲಿಂಗವನ್ನು ಕಣ್ಣಿಗೊತ್ತಿ ಕೊರಳಿಗೆ ಹಾಕಿಕೊಂಡ ಮೇಲೆ ಮಾವ ತಲೆ ಎತ್ತಿದರು.

‘ಏನ ನೋಡಕೋತ ನಿಂತೀರಿ ಎಲ್ಲಾರೂ? ರೊಟ್ಟಿ ಆಗ್ಯಾವೋ ಇಲ್ಲೋ?’

ಒಂದೂವರೆ ರೊಟ್ಟಿ ಉಂಡರು. ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆ ಅಂತ ತಕರಾರು ಬೇರೆ.

ಭುಜದ ನೋವು ಇನ್ನೂ ಇದೆ, ಅದು ನಾನು ಕೊಟ್ಟ ಉಡುಗೊರೆ. ಎಡಗಾಲು ನೆಲಕ್ಕೆ ಊರಿಲ್ಲ. ಊರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೊರಡುವ ಮುಂಚೆ ನಮಸ್ಕಾರ ಮಾಡಲು ಹತ್ತಿರ ಹೋದೆ. ರೂಢಿ ನೋಡಿ, ಅವರ ಕೈಗೆ ಕೈ ಚಾಚಿದವನು ಅರ್ಧಕ್ಕೆ ನಿಂತೆ.

‘ಹಿಡೀಲೇನ್ರಿ ಮಾವಾರ?’

ಮಾವ ಅರ್ಧ ಬಾಯಿಯಲ್ಲಿ ನಕ್ಕರು. ‘ಈಗ ಕಲ್ತ್ರಿ ನೋಡ್ರಿ, ಮಾಸ್ತರ್ರ. ಹಿಡೀರಿ, ಎಡಗೈನ ಹಿಡೀರಿ. ಸಾವಕಾಶ.’

ಅಂಗಳಕ್ಕೆ ಬಂದೆ. ನನ್ನನ್ನು ಸವದತ್ತಿಯ ತನಕ ಬಿಡಲು ಈರಪ್ಪ ಚಕ್ಕಡಿ ಹೂಡುತ್ತಿದ್ದ. ಕೆಂದ ಎತ್ತು ಮಲಗಿತ್ತು. ಅವನು ಅದರ ಪಕ್ಕ ಕೂತು, ಬೆನ್ನು ಸವರಿ, ಕಿವಿಯ ಹತ್ತಿರ ಬಾಗಿ ಅಂದ: ‘ಏಳತೀ ಏನಪಾ? ಹೋಗೂಣೇನು?’ ಅದು ತಲೆ ಅಲ್ಲಾಡಿಸಿ, ತಾನೇ ಮುಂಗಾಲು ಊರುವ ತನಕ ಕಾಯ್ದ. ಅವನಪ್ಪ ಕಲಿಸಿದ ರೂಢಿ. ಹೂಲಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಬೈಲಹೊಂಗಲದಲ್ಲೂ ಹಾಗೇ. ನೀವೂ ಹಾಗೇ ಮಾಡುತ್ತೀರಿ.

ಮಾತು ಬಾರದ ಎತ್ತನ್ನು ಕೇಳಿ ಎಬ್ಬಿಸುತ್ತೇವೆ, ಮಾತು ಬರುವ ಅಪ್ಪನನ್ನು ನಲವತ್ತು ದಿನ ಯಾಕೆ ಕೇಳಲಿಲ್ಲ?